ಕಮಲಾಪುರದ ತುಂಬಿದ ಅಂಗಡಿ

ಪೀರಪ್ಪ ಕಮಲಾಪುರದ ಮರದ ಸಾಮಾನಿನ ಅಂಗಡಿಗೆ ಪಾಲೀಶಿನ ಕೆಲಸಕ್ಕೆ ಸೇರಿದಾಗ ನಿಜಾಮರ ಆಳ್ವಿಕೆ ಇನ್ನೂ ಗಟ್ಟಿಯಾಗಿತ್ತು. ಮಾಲೀಕರಾದ ಮಕ್ಬೂಲ್ ಸಾಹೇಬರ ದೊಡ್ಡ ಅಂಗಡಿ ಕಲಬುರಗಿಯ ಜಗತ್ ಎಂಬ ಬಡಾವಣೆಯಲ್ಲಿತ್ತು. ಕಮಲಾಪುರ, ಹುಮನಾಬಾದಗಳಲ್ಲಿ ಅದರ ಶಾಖೆಗಳು. ಜಹಗೀರದಾರರ ಮನೆಗಳಿಗೆ ಮಂಚ, ಕಪಾಟು, ಆರಾಮಕುರ್ಚಿಗಳು ಅಲ್ಲಿಂದಲೇ ಹೋಗುತ್ತಿದ್ದವು. ಪೀರಪ್ಪ ಅರಗಿನ ಪಾಲೀಶು ಹಚ್ಚಿ ತಿಕ್ಕಿದ ಹಲಗೆಯಲ್ಲಿ ಮುಖ ಕಾಣುತ್ತಿತ್ತು. ಅದರ ಬಗ್ಗೆ ಅವನಿಗೆ ಹೆಮ್ಮೆಯಿತ್ತು, ಇರಬೇಕಾದದ್ದೇ.

ನಿಜಾಮರ ಆಳ್ವಿಕೆ ಕೊನೆಗೊಳಿಸಿದ ಪೊಲೀಸ್ ಕಾರ್ಯಾಚರಣೆಯ ಮರುವರ್ಷ ಜಹಗೀರುಗಳು ರದ್ದಾದವು. ಕೊಳ್ಳುತ್ತಿದ್ದವರೇ ತಮ್ಮ ಮನೆಯ ಸಾಮಾನನ್ನು ಅಂಗಳಕ್ಕಿಟ್ಟು ಮಾರತೊಡಗಿದರು. ಹುಮನಾಬಾದದ ಅಂಗಡಿಗೆ ಬೀಗ ಬಿತ್ತು. ಅಲ್ಲಿಯ ಬಡಗಿಗಳು ದಿಕ್ಕಿಗೊಬ್ಬರಾದರು. ಕಮಲಾಪುರದಲ್ಲಿ ಪೀರಪ್ಪನೊಬ್ಬನೇ ಉಳಿದಿದ್ದ. ಆ ಅಂಗಡಿಯನ್ನು ಇಡುವುದೋ ಮುಚ್ಚುವುದೋ ಎಂಬುದನ್ನು ಸೋಮವಾರ ತಾವೇ ಬಂದು ನೋಡಿ ತೀರ್ಮಾನಿಸುವುದಾಗಿ ಸಾಹೇಬರು ಹೇಳಿಕಳಿಸಿದರು.

ಪೀರಪ್ಪ ಹೆಂಡತಿ ಸಾಬಮ್ಮನನ್ನೂ ಕರೆತಂದು ಪ್ರತಿಯೊಂದು ಸಾಮಾನನ್ನೂ ತಿಕ್ಕಿಸಿದ. ಶನಿವಾರ ಪಕ್ಕದ ಹಳ್ಳಿಯ ಮಾಣಿಕಪ್ಪಗೌಡರು ಮಗಳ ಮದುವೆಗೆಂದು ಬಂಡಿ ಕಟ್ಟಿಕೊಂಡು ಬಂದರು. ಅವರಿಗೆ ದೊಡ್ಡ ಮಂಚ, ಕಪಾಟು, ಎರಡು ಕುರ್ಚಿ ಬೇಕಿದ್ದವು.

“ಇವತ್ತ ಕೊಡಂಗಿಲ್ರೀ ಗೌಡ್ರ. ಸಾಹೇಬ್ರು ಒಮ್ಮಿ ನೋಡ್ಲಿ, ಮಂಗಳಾರ ಬರ್ರಿ,” ಎಂದ ಪೀರಪ್ಪ.

“ಇವನ್ನೆಲ್ಲ ಮಾರಾಕ ಇಟ್ಟೀಯೋ, ಆರತಿ ಮಾಡಾಕ ಇಟ್ಟೀಯೋ?” ಎಂದು ಗೌಡರು ಬರಿಯ ಬಂಡಿ ತಿರುಗಿಸಿದರು.

“ಬಂದ ಗಿರಾಕಿನ ಹೊಳ್ಳಿ ಕಳಸ್ತಾರೇನ್ರೀ?” ಸಾಬಮ್ಮ ಸಿಡುಕಿದಳು.

“ಮಂಚ ಹೋದ್ರ ಅಂಗಡಿ ಹಲ್ಲು ಬಿದ್ದ ಬಾಯಿ ಕಂಡಂಗ ಕಾಣ್ತದ. ಸುಮ್ನಿರು.”

ಸೋಮವಾರ ಸಾಹೇಬರು ಬಂದು ಮಂಚದ ಮೇಲೆ ಕೈಯಾಡಿಸಿದರು. “ಕೆಲಸ ಭಾಳ ಛಲೋ ಅದ, ಪೀರಪ್ಪ. ಆದ್ರ ಒಂದೂ ಹೋಗಿಲ್ಲಲ್ಲೋ! ಇಷ್ಟು ಮಾಲು ಕುಂತದ ಅಂದ್ರ ಇಲ್ಲಿ ಗಿರಾಕಿನೇ ಇಲ್ಲ.”

“ಗೌಡ್ರು ಬಂದಿದ್ರು ಸಾಹೇಬ್ರ, ನಾನೇ ಹೊಳ್ಳಿ ಕಳಿಸೀನ್ರಿ.”

“ಗಿರಾಕಿನ ಯಾವ ಹುಚ್ಚ ಹೊಳ್ಳಿ ಕಳಸ್ತಾನ? ನೌಕರಿ ಸಲುವಾಗಿ ಸುಳ್ಳು ಹೇಳಬ್ಯಾಡಪ್ಪ.” ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಮರುಕವಿತ್ತು. ಸಾಬಮ್ಮ ನಡೆದದ್ದನ್ನು ಹೇಳಿದಳು. ಹೆಂಡತಿಯ ಮಾತೆಂದು ಅವರು ಅದನ್ನೂ ನಂಬಲಿಲ್ಲ.

ಪೀರಪ್ಪ ಗೌಡರನ್ನು ಕರೆತರಲು ಹಳ್ಳಿಗೆ ಓಡಿದ. ಅವರ ಪಡಸಾಲೆಯಲ್ಲಿ ಯಾವುದೋ ಜಹಗೀರದಾರರ ಮನೆಯ ಹಳೆಯ ಮಂಚ ಆಗಲೇ ಬಂದು ಕುಳಿತಿತ್ತು.

“ಮದವಿ ಮನಿ ನಿನ್ನ ಮಂಗಳಾರಕ್ಕ ಕಾಯ್ತದೇನೋ?” ಎಂದರು ಗೌಡರು.

ಆ ವಾರವೇ ಅಂಗಡಿ ಮುಚ್ಚಿತು, ಸಾಮಾನೆಲ್ಲ ಕಲಬುರಗಿಗೆ ಹೋಯಿತು. ಗೀರು ಬೀಳದಂತೆ ಗೋಣಿತಟ್ಟು ಸುತ್ತಿ ಬಂಡಿಗೆ ಏರಿಸಿದವನು ಪೀರಪ್ಪನೇ. ಅಲ್ಲಿಯ ದೊಡ್ಡ ಅಂಗಡಿಯಲ್ಲಿ ಇದ್ದವರಿಗೇ ಕೆಲಸವಿರಲಿಲ್ಲ. ಮುಂದೆ ಅವನು ತಾಜಸುಲ್ತಾನಪುರದ ಹೊಲಗಳಲ್ಲಿ ಕೂಲಿಮಾಡಿ ಬಾಳಿದ. ಪಾಲೀಶಿನ ಬಟ್ಟೆಯನ್ನು ಮತ್ತೆ ಮುಟ್ಟಲಿಲ್ಲ.

ಒಬ್ಬ ಗಿರಾಕಿಯಿಂದ ಅಂಗಡಿ ಉಳಿಯುತ್ತಿತ್ತೆಂದು ನಾನು ಹೇಳಲಾರೆ. ಕಾಲವೇ ಹಾಗಿತ್ತು, ಜಹಗೀರುಗಳೇ ಹೋದವು ಎಂದು ಅವನಿಗೆ ಎಷ್ಟೋ ಜನ ಸಮಾಧಾನ ಹೇಳಿದರು. ಅವನು ಎಲ್ಲವನ್ನೂ ಕೇಳಿಸಿಕೊಂಡು, ಕೊನೆಗೆ ಒಂದೇ ಮಾತನ್ನು ಆಡುತ್ತಿದ್ದ: “ಜಹಗೀರ ಹೋದ್ವು, ಖರೆ. ಆದ್ರ ಗೌಡ್ರು ಬಂದಿದ್ರಲ್ಲ.”