510510ರ ಹಾಜರಿ

ನನ್ನ ಗಂಟಲಿನಲ್ಲಿ ಬಹಳ ಜನ ವಾಸವಾಗಿದ್ದಾರೆ. ದಾಂಡೇಲಿಯಿಂದ ಹಳಿಯಾಳದ ಕಾಲೇಜಿಗೆ ನನ್ನನ್ನು ಕರೆತರುವ ಬಸ್ಸಿನ ಕಂಡಕ್ಟರ್, ಪೇಪರ್ ಮಿಲ್ಲಿನ ಶಿಫ್ಟ್ ಮುಗಿಸಿ ಆಕಳಿಸುತ್ತಲೇ ಬೈಯುವ ನಮ್ಮಪ್ಪ, ಹುಡುಗಿಯರ ಮುಂದೆ ತೊದಲುವ ನಾನು. ಆದರೆ ಚಪ್ಪಾಳೆ ಹೆಚ್ಚು ಬೀಳುವುದು ಗಣಿತದ ಸರ್ ಅವರಿಗೆ. ಅವರು ಸಂಖ್ಯೆಗಳಿಗೂ ಜಾತಕ ಹೇಳುತ್ತಾರೆ: ಸಮವೋ ಬೆಸವೋ, ಯಾವ ಅವಿಭಾಜ್ಯಗಳ ಗುಣಾಕಾರದಿಂದ ಹುಟ್ಟಿತು, ಎಲ್ಲ.

ನಮ್ಮ ಕಡೆ ಕಾಲೇಜಿನ ವಾರ್ಷಿಕೋತ್ಸವಕ್ಕೆ ಗ್ಯಾದರಿಂಗ್ ಅನ್ನುತ್ತಾರೆ. ಅಲ್ಲಿ ಸರ್ ಅವರದೇ ಮಿಮಿಕ್ರಿ ಮಾಡಿ ತೋರಿಸಲು ಖಾಲಿ ಕ್ಲಾಸಿನಲ್ಲಿ ಆರು ಗೆಳೆಯರ ಮುಂದೆ ತಾಲೀಮು ನಡೆಸಿದ್ದೆ. ನಗು ಥಟ್ಟನೆ ನಿಂತಿತು. ಬಾಗಿಲಲ್ಲಿ ಸರ್.

“ಯಾಕ ನಿಂತಿ? ನಡೀಲಿ,” ಎಂದವರೇ ಬೋರ್ಡಿನ ಮೇಲೆ 510510 ಎಂದು ಬರೆದರು. “ನನ್ನ ದನಿಯೊಳಗ ಇದರ ಜಾತಕ ಹೇಳು. ತಪ್ಪಿದ್ರ ಗ್ಯಾದರಿಂಗ್‌ನಾಗ ನಿನ್ನ ಐಟಂ ಕ್ಯಾನ್ಸಲ್.”

ನನ್ನ ಗಣಿತದ ಮಾರ್ಕ್ಸು ನನ್ನ ಮಿಮಿಕ್ರಿಗಿಂತ ಹೆಚ್ಚು ನಗಿಸುವಂಥವು. ಉಳಿದದ್ದು ಒಂದೇ ದಾರಿ: ನಾನು ನಾನಾಗಿರಬಾರದು. ಕೆಮ್ಮಿದೆ, ಸರ್ ಆದೆ. ದೊಡ್ಡ ಸಂಖ್ಯೆ ಕಂಡರೆ ಸರ್ ಅರ್ಧವನ್ನು ಅಂಗೈಯಿಂದ ಮುಚ್ಚುತ್ತಾರೆ. ನಾನೂ ಮುಚ್ಚಿದೆ. ಕಂಡದ್ದು 510. ಕೈ ಸರಿಸಿದೆ. ಅಲ್ಲೂ 510!

“ಮೂರಂಕಿ ಎರಡ ಸಲ ಬಂದ್ರ ಏನ್ ಹೇಳಿದ್ನಲೇ? ಸಾವಿರದ ಒಂದರಿಂದ ಗುಣಿಸಿದ್ಹಂಗ! ಆ ಸಾವಿರದ ಒಂದರೊಳಗ ಏಳು, ಹನ್ನೊಂದು, ಹದಿಮೂರು!” ಬಾಯಿ ತಾನಾಗಿ ನಡೆದಿತ್ತು. ವರ್ಷವಿಡೀ ದನಿ ಕದ್ದಿದ್ದೆ; ಪಾಠವೂ ಅದರ ಬೆನ್ನಿಗೇ ಬಂದದ್ದು ನನಗೇ ಗೊತ್ತಿರಲಿಲ್ಲ.

510ನ್ನು ಹತ್ತರಿಂದ ಭಾಗಿಸಿದೆ: ಎರಡು, ಐದು ಸಿಕ್ಕವು. ಉಳಿಯಿತು 51. “ಇದು ಅವಿಭಾಜ್ಯ…” ಅಯ್ಯೋ, ಅದು ನನ್ನ ಸ್ವಂತ ದನಿ! ಸರ್ ಹುಬ್ಬೇರಿಸಿದರು. ಗಡಬಡಿಸಿ ಮತ್ತೆ ಕೆಮ್ಮಿದೆ. “ಅಂಕಿ ಕೂಡಿಸೋ, ದಡ್ಡ! ಐದು ಒಂದು ಆರು. ಮೂರರಿಂದ ಹೋಗ್ತೈತಿ. ಮೂರು, ಹದಿನೇಳು!”

ಸಿಕ್ಕವರನ್ನೆಲ್ಲ ಬೆರಳ ಮೇಲೆ ಎಣಿಸಿದೆ. ಎರಡರಿಂದ ಹದಿನೇಳರವರೆಗಿನ ಅವಿಭಾಜ್ಯಗಳಲ್ಲಿ ಒಂದೂ ಗೈರಿಲ್ಲ! ಖುಷಿಗೆ ಹಾಜರಿಯನ್ನೇ ಕೂಗಿದೆ. ಎರಡು, ಮೂರು, ಐದು, ಏಳು, ಹನ್ನೊಂದು, ಹದಿಮೂರು… ಒಬ್ಬೊಬ್ಬ ಗೆಳೆಯ ಎದ್ದು “ಹಾಜರ್ ಸರ್ರ” ಎಂದ. ಹದಿನೇಳಕ್ಕೆ ಆಳಿಲ್ಲದೆ ನಾನೇ ಓಗೊಟ್ಟೆ.

“ವರ್ಗಸಂಖ್ಯೆ ಏನೋ ಇದು?” ನಿಜವಾದ ಸರ್ ಬಿಡಲಿಲ್ಲ.

“ಅಲ್ರೀ ಸರ್ರ. ಎಲ್ಲಾರೂ ಒಂದೊಂದ ಸಲ ಬಂದಾರ. ಯಾರಿಗೂ ಜೋಡಿ ಇಲ್ಲ, ನನ್ಹಂಗ.”

“ಭಾಜಕ ಎಷ್ಟು?”

“ಏಳೂ ಮಂದಿ ಒಬ್ಬೊಬ್ರು ಬರಬಹುದು, ಬಿಡಬಹುದು. ಎರಡನ್ನ ಏಳ ಸಲ ಇಟ್ಟು ಗುಣಿಸ್ರಿ. ನೂರಾ ಇಪ್ಪತ್ತೆಂಟು!”

ಸರ್ ಸೀಮೆಸುಣ್ಣ ಕೆಳಗಿಟ್ಟರು. “ಗಣಿತ ಬರೋಬ್ಬರಿ ಐತಿ. ಕೆಮ್ಮು ತಪ್ಪೈತಿ. ಮೊದಲ ಸಣ್ಣಗ, ಆಮ್ಯಾಲ ಜೋರು. ಹಿಂಗ,” ಎಂದು ಕೆಮ್ಮಿ ತೋರಿಸಿದರು.

ಗ್ಯಾದರಿಂಗ್ ದಿನ ಹಾಗೆಯೇ ಕೆಮ್ಮಿದೆ. ಇಡೀ ಪೆಂಡಾಲು ಶಿಳ್ಳೆ ಹೊಡೆಯಿತು. ಹಾಜರಿ ಕೂಗುತ್ತ ಬಂದೆ. ಆರೂ ಗೆಳೆಯರು ಎದ್ದು ಓಗೊಟ್ಟರು. “ಹದಿನೇಳು?” ಎಂದೆ.

ಮುಂದಿನ ಸಾಲಿನಲ್ಲಿ ಸರ್ ಎದ್ದು ನಿಂತು, ನನ್ನದೇ ದನಿಯಲ್ಲಿ ತೊದಲುತ್ತ, “ಹಾ… ಹಾಜರ್ ಸರ್ರ!” ಎಂದರು.