ನುಸಿ ತಿನ್ನುವ ನೆಂಟರು

ಇನ್ನೊಂದು ನಿಮಿಷ ತಡವಾಗಿದ್ದರೆ ಮೊಮ್ಮಗಳ ಒಂದು ವರ್ಷದ ಓದನ್ನು ನಾನು ಹುರಿದು ಉಪ್ಪಿಟ್ಟು ಮಾಡಿಬಿಡುತ್ತಿದ್ದೆ!

ಆಗಿದ್ದಿಷ್ಟು. ಸ್ವೀಡನ್ನಿನ ಕಾರ್ಲ್‌ಸ್ಟಾಡಿನಲ್ಲಿರುವ ನಮ್ಮ ಮನೆಯ ಫ್ರಿಜ್ಜಿನಲ್ಲಿ ಒಂದು ಬಾಟಲಿ. ಒಳಗೆ ದಪ್ಪ ರವೆಯಂಥದ್ದು. ಕನ್ನಡಕ ಹಾಕಿ ನೋಡಿದರೆ ಕೆಂಪು ಚುಕ್ಕಿಗಳು ಗುಡುಗುಡು ಓಡುತ್ತಿವೆ. ರವೆಗೆ ಹುಳ ಬಿದ್ದರೆ ನೀವೇನು ಮಾಡುತ್ತೀರಿ? ಬಿಸಿಲಿಗೆ ಹಾಕುತ್ತೀರಿ. ಇಲ್ಲಿ ಬಿಸಿಲನ್ನು ಎಲ್ಲಿಂದ ತರೋಣ? ಒಲೆ ಮೇಲೆ ಬಾಣಲೆ ಇಟ್ಟೆ.

“ನೇಯ್, ನೇಯ್, ಅಜ್ಜೀ! ಸ್ಟಾಪ್!” ಅನಘಾ ತಲೆಗೆ ಟವೆಲ್ ಸುತ್ತಿಕೊಂಡೇ ಓಡಿ ಬಂದಳು. (ಗಾಬರಿಯಾದರೆ ಅವಳ ಬಾಯಲ್ಲಿ ಮೊದಲು ಬರುವುದು ಸ್ವೀಡಿಷ್ಷೇ.) “ಅದು ರವೆ ಅಲ್ಲ, ನನ್ನ ಮೈಟ್ಸ್!”

ಅವಳು ಗಿಡಗಳ ವಿಷಯ ಓದುತ್ತಿದ್ದಾಳೆ. ಯೂನಿವರ್ಸಿಟಿಯ ಗಾಜಿನ ಮನೆಯಲ್ಲಿ ಬೆಳೆಸಿದ ಗಿಡಗಳಿಗೆ ನುಸಿ ಹತ್ತಿದೆ. ಎಲೆಯಡಿ ಬಲೆ ಕಟ್ಟಿ ರಸ ಹೀರುವ ನುಸಿ. ಬಾಟಲಿಯ ಪುಡಿಯೊಳಗೆ ಓಡುತ್ತಿದ್ದದ್ದು ಆ ನುಸಿಯನ್ನೇ ಹಿಡಿದು ತಿನ್ನುವ ಇನ್ನೊಂದು ಜಾತಿಯ ನುಸಿಯಂತೆ!

“ಯಾವ ಗಿಡನೇ?”

“ಹೆಂಪ್. ಭಂಗಿ ಸೊಪ್ಪು ಅಂತೀಯಲ್ಲ, ಅದೇ ಜಾತಿ.”

ಕೈಲಿದ್ದ ಸೌಟು ಬಿತ್ತು. “ಅಯ್ಯೋ ಮುಂಡೇದೇ, ಪೊಲೀಸ್ರು?”

“ನಶೆ ಇಲ್ಲದ ತಳಿ ಅಜ್ಜಿ! ಬಟ್ಟೆಗೆ ನಾರು ತೆಗೀತಾರೆ. ಪರ್ಮಿಷನ್ ಇದೆ.”

ಇಬ್ಬರೂ ನಕ್ಕಿದ್ದೇ ನಕ್ಕಿದ್ದು. ಆಮೇಲೆ ಅವಳ ಮುಖ ಸಪ್ಪಗಾಯಿತು. “ಇದು ಮೂರನೇ ಬಾಟಲಿ. ಮೊದಲಿನೆರಡರಲ್ಲಿದ್ದವು ಎಲ್ಲಾ ಸತ್ತೋದ್ವು, ನುಸಿ ಮತ್ತೆ ಬಂತು. ಇದೂ ಹೋದ್ರೆ ಗಿಡ ಎಲ್ಲಾ ಕಿತ್ತು ಮೊದಲಿಂದ ಶುರು.”

ನಾನೂ ಅವಳ ಜೊತೆ ಬಸ್ಸು ಹತ್ತಿದೆ. ಗಾಜಿನ ಮನೆ ಸೇರಿದ್ದೇ ಅನಘಾ ಕತ್ತರಿ ಹಿಡಿದಳು. ನುಸಿ ಕಂಡ ಎಲೆಯನ್ನೆಲ್ಲ ಕತ್ತರಿಸಿ ಚೀಲಕ್ಕೆ ಹಾಕತೊಡಗಿದಳು. ಬಾಟಲಿ ತೆರೆಯುವುದು ಆಮೇಲಂತೆ.

“ಎರಡು ಸಲಾನೂ ಹಿಂಗೇ ಮಾಡಿದ್ಯಾ?”

“ಹೂಂ. ಕ್ಲೀನಾಗಿರ್ಲಿ ಅಂತ.”

“ನೆಂಟರನ್ನ ಊಟಕ್ಕೆ ಕರೆದು, ಬರೋ ಹೊತ್ತಿಗೆ ಪಾತ್ರೆ ತೊಳೆದಿಟ್ರೆ ಅವರೇನು ತಿನ್ಬೇಕೇ? ಉಪವಾಸ ಸತ್ತಿವೆ ಕಣೇ!”

ಕತ್ತರಿ ನಿಂತಿತು.

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ವಿಜ್ಞಾನ ನನಗೇನು ಗೊತ್ತು? ಆದರೆ ಅನ್ನದ ಪಾತ್ರೆಯನ್ನು ಪೂರ್ತಿ ಬಳಿಯಬಾರದು, ತಳದಲ್ಲಿ ಒಂದು ಹಿಡಿ ಬಿಡಬೇಕು ಅಂತ ನಮ್ಮತ್ತೆ ಹೇಳಿಕೊಟ್ಟಿದ್ದು ಗೊತ್ತು. (ಆ ಒಂದು ಹಿಡಿಗೆ ಅನಘಾ ದಿನಾ “ಫುಡ್ ವೇಸ್ಟ್” ಎಂದು ರೇಗುತ್ತಾಳೆ.)

ಫೀಕಾ ಹೊತ್ತಿನಲ್ಲಿ, ಅಂದರೆ ಇವರ ಕಾಫಿ ಟೈಮಿನಲ್ಲಿ, ಅವಳ ಗೈಡ್ ಮೇಡಂಗೆ ವಿಷಯ ಹೇಳಿದಳು. ಅವರು ಕಾಫಿ ಕೆಳಗಿಟ್ಟು, ನನ್ನನ್ನೇ ನೋಡುತ್ತ ಸ್ವೀಡಿಷ್ಷಿನಲ್ಲಿ ಏನೋ ಹೇಳಿದರು.

“ಏನಂದ್ರು ಕಣೇ?” ಎಂದೆ.

“ನೀನು ಹೇಳಿದ್ದೇ ಸರಿಯಂತೆ,” ಎಂದಳು ಅನಘಾ. ಕಿವಿ ಕೆಂಪಾಗಿತ್ತು.

ಗಿಡಕ್ಕೆ ನುಸಿ ಹತ್ತಿದ ನಾಲ್ಕು ಎಲೆ ಉಳಿಸಿ ಬಾಟಲಿ ತೆರೆದೆವು. ಎರಡು ವಾರ ನನಗೆ ಬೇರೆ ಯೋಚನೆಯೇ ಇಲ್ಲ. ಮೊನ್ನೆ ಮಧ್ಯಾಹ್ನ ಫೋನು. “ಅಜ್ಜೀ! ನಿನ್ನ ನೆಂಟರು ಮೊಟ್ಟೆ ಇಟ್ಟು ಮರಿ ಮಾಡಿದ್ದಾರೆ! ಗಿಡ ಎಲ್ಲಾ ಚಿಗುರಿದೆ!”

ಅಡುಗೆಮನೆಯಲ್ಲೇ ಕುಣಿದೆ. ಮೆಟ್ಟಿಲ ಮೇಲೆ ಸಿಕ್ಕ ಪಕ್ಕದ ಮನೆಯಾಕೆಯನ್ನು ಹಿಡಿದು ಅಪ್ಪಿಕೊಂಡೆ. ಎರಡು ವರ್ಷದಲ್ಲಿ ಬರೀ “ಹೇಯ್” (ಇವರ ನಮಸ್ಕಾರ) ಎಂದವಳು, ಪಾಪ, ತಿರುಗಿ ಅಪ್ಪಿಕೊಂಡಳು!

ಅಂದು ಊಟಕ್ಕೆ ಬಡಿಸಿದ್ದು ಅನಘಾ. ಪಾತ್ರೆ ತೊಳೆಯಲು ಹೋದರೆ ತಳದಲ್ಲಿ ಒಂದು ಹಿಡಿ ಅನ್ನ.

“ಫುಡ್ ವೇಸ್ಟ್” ಎನ್ನುತ್ತಿದ್ದ ಹುಡುಗಿ ಎಲ್ಲಿ ಹೋದಳು?