ಅರಿಶಿನ ಮೆತ್ತಿಕೊಂಡು ಬಂದ ಬೆಕ್ಕು

ತಮ್ಮೆಲ್ಲರಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಇಂದು ಬೇಗೂರಿನಲ್ಲಿ ಬೇಯುತ್ತಿದ್ದ ಅರಿಶಿನದ ಘಾಟು ಮೂಗಿಗೆ ಬಡಿದೊಡನೆ ಬಾಲ್ಯದಲ್ಲಿ ನಮ್ಮ ಮನೆಯ ಹೆಮ್ಮೆಯಾಗಿದ್ದ ಬಿಳಿ ಬೆಕ್ಕು ನೆನಪಾಯಿತು. ಅರಿಶಿನ ಬೇಯಿಸಿ ಒಣಗಿಸುವ ಗದ್ದಲದಲ್ಲಿ ಅದು ಕಾಣೆಯಾಗಿ, ನಾನು ಊಟ ಬಿಟ್ಟು ಅತ್ತಿದ್ದೆ. ಒಂದು ಬೆಳಗ್ಗೆ ಅಜ್ಜಿ ಮಜ್ಜಿಗೆ ಕಡೆಯುತ್ತಿದ್ದಾಗ ಹಳದಿ ಬೆಕ್ಕೊಂದು ಹಿತ್ತಿಲ ಬಾಗಿಲಲ್ಲಿ ಬಂದು ನಿಂತಿತು.

"ನಮ್ದು ಬೆಳ್ಳುಗಿತ್ತು ಕಣಮ್ಮಿ. ಇದ್ಯಾರ್ದೋ, ಓಡ್ಸು" ಎಂದರು ಅಜ್ಜಿ.

ಅದು ನನ್ನನ್ನು ದಾಟಿ ನೇರವಾಗಿ ಕಡೆಗೋಲಿನ ಬಳಿಗೆ ಹೋಗಿ, ಎಂದಿನಂತೆ ಅಜ್ಜಿಯ ಹೆಬ್ಬೆರಳಿನ ಬೆಣ್ಣೆ ನೆಕ್ಕಿತು. ಅಜ್ಜಿ ಸೆರಗಿನಿಂದ ಅದರ ಕಿವಿ ಒರೆಸಿದರು. ಒಣಗಿದ ಅರಿಶಿನವನ್ನು ಉಜ್ಜಿ ಹೊಳಪು ಕೊಡುವ ಕೊಟ್ಟಿಗೆಯ ಹಳದಿ ಧೂಳು ಉದುರಿ ಬಿಳುಪು ಕಂಡಿತು.

"ಅಯ್ಯೋ ಮುಂಡೇದೆ, ನಮ್ಗೊಂದ್ ಮಾತೂ ಯೋಳ್ದೆ ಮದ್ವೆ ಮಾಡ್ಕಂಡ್ ಬಂದ್ಬುಟ್ಯಾ?"

ಅಂದು ನಾನು ಎರಡು ಸಲ ಉಂಡೆ. ಇಂದು ಬೆಂದ ಅರಿಶಿನದ ಕೊಂಬೊಂದನ್ನು ಕೇಳಿ ಪಡೆದು, ಮೂಸುತ್ತಲೇ ಗುಂಡ್ಲುಪೇಟೆಯ ಬಸ್ಸು ಹತ್ತಿದೆನೆಂದು ಈ ಮೂಲಕ ನಿವೇದಿಸುತ್ತೇನೆ.